ಮ್ಯಾಟ್ರಿಕ್ಸ್ ತ್ರಿವಳಿಯ 4ಕೆ ಬಾಕ್ಸ್ ಸೆಟ್: ಹಳೆಯ ಬ್ಲೂರೇ ಇರುವವರು ಮತ್ತೆ ಕೊಳ್ಳಬೇಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. 1999ರ ‘ದಿ ಮ್ಯಾಟ್ರಿಕ್ಸ್’ ಹಾಗೂ 2003ರಲ್ಲಿ ಆರು ತಿಂಗಳ ಅಂತರದಲ್ಲಿ ಬಂದ ಅದರ ಮುಂದುವರಿಕೆಗಳಾದ ‘ರಿಲೋಡೆಡ್’ ಮತ್ತು ‘ರೆವಲ್ಯೂಷನ್ಸ್’, ಈ ಮೂರೂ ಚಿತ್ರಗಳನ್ನು ಒಟ್ಟಿಗೆ ಕೊಡುವ 4ಕೆ ಅಲ್ಟ್ರಾ ಎಚ್‌ಡಿ (ಮಾಮೂಲಿ ಬ್ಲೂರೇಗಿಂತ ಹೆಚ್ಚು ಸ್ಪಷ್ಟತೆಯ ಡಿಸ್ಕ್) ಬಾಕ್ಸ್ ಸೆಟ್ 2018ರಿಂದಲೂ ಮಾರುಕಟ್ಟೆಯಲ್ಲಿದೆ. ಅದನ್ನು ಕೊಳ್ಳಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆಯಾದರೂ, 2008ರಲ್ಲಿ ಬಂದ ‘ಅಲ್ಟಿಮೇಟ್ ಮ್ಯಾಟ್ರಿಕ್ಸ್ ಕಲೆಕ್ಷನ್’ ಎಂಬ ಬ್ಲೂರೇ ಪೆಟ್ಟಿಗೆ ಈಗಾಗಲೇ ಮನೆಯಲ್ಲಿರುವುದರಿಂದ ಕೈ ಹಿಂಜರಿಯುತ್ತಿದೆ. ಅದೇ ಚಿತ್ರಗಳಿಗೆ ಮತ್ತೊಮ್ಮೆ ಹಣ ಕೊಡುವುದು ಸಂಗ್ರಹದ ಚಟವೋ, ಅಥವಾ ನೋಡುವ ಅನುಭವದಲ್ಲಿ ನಿಜಕ್ಕೂ ಕಾಣುವಂತಹ ವ್ಯತ್ಯಾಸ ಉಂಟೋ ಎಂಬುದನ್ನು ಎರಡನ್ನೂ ಇಟ್ಟುಕೊಂಡು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ನನ್ನಲ್ಲಿರುವ ಸಲಕರಣೆಯನ್ನೂ ಹೇಳಿಬಿಡುತ್ತೇನೆ. ಡಾಲ್ಬಿ ವಿಷನ್ (ದೃಶ್ಯಕ್ಕೆ ತಕ್ಕಂತೆ ಬೆಳಕು, ಬಣ್ಣ ಹೊಂದಿಸುವ ತಂತ್ರ) ಇರುವ 55 ಇಂಚಿನ ಓಎಲ್ಇಡಿ ಟಿವಿ, ಡಿಸ್ಕ್ ಹಾಕಬಹುದಾದ ಪ್ಲೇಸ್ಟೇಷನ್ 5, ಮತ್ತು ಒಂದು ಸೌಂಡ್‌ಬಾರ್. ಮೊದಲ ಚಿತ್ರವನ್ನು ವರ್ಷಕ್ಕೊಮ್ಮೆಯಾದರೂ ನೋಡುತ್ತೇನೆ. ಉಳಿದೆರಡನ್ನು ನೋಡಿ ಬಹಳ ಕಾಲವಾಗಿದೆ.

ಮ್ಯಾಟಿನಿಪ್ರಿಯ

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ಒಂದೇ ಶಬ್ದದ ಉತ್ತರ ಬೇಕಿದ್ದರೆ ‘ಕೊಳ್ಳಿ’ ಎನ್ನುತ್ತೇನೆ. ಆದರೆ ಅದರ ಕಾರಣ 4ಕೆ ಎಂಬ ಅಂಕಿಯಲ್ಲಿಲ್ಲ, ಬಣ್ಣದಲ್ಲಿದೆ.

ಮ್ಯಾಟ್ರಿಕ್ಸ್ ಎಂದರೆ ಹಸಿರು ಎಂದು ಈಗ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಮೊದಲ ಚಿತ್ರದಲ್ಲಿ ಆ ಹಸಿರು ಇದ್ದದ್ದು ನಿಜ. ಯಂತ್ರಗಳು ಸೃಷ್ಟಿಸಿದ ಲೋಕದ ದೃಶ್ಯಗಳಲ್ಲಿ ಗೋಡೆ, ಉಡುಪು, ದೀಪ ಇವುಗಳ ಆಯ್ಕೆಯಿಂದಲೇ ಒಂದು ತೆಳುವಾದ ಹಸಿರು ಛಾಯೆಯನ್ನು ತಂದಿದ್ದರು, ಹಡಗಿನೊಳಗಿನ ನಿಜಲೋಕದ ದೃಶ್ಯಗಳಿಗೆ ತಣ್ಣನೆಯ ನೀಲಿಯನ್ನು ಕೊಟ್ಟಿದ್ದರು. ಛಾಯಾಗ್ರಾಹಕ ಬಿಲ್ ಪೋಪ್ ಅವರ ಈ ಯೋಜನೆಯಲ್ಲಿ ಒಂದು ಸೂಕ್ಷ್ಮವಿತ್ತು: ಕಥಾನಾಯಕ ನಿಯೋ ಕೆಲಸ ಮಾಡುವ ಕಚೇರಿಯಲ್ಲಿ ಏನೋ ಸರಿಯಿಲ್ಲ ಎಂದು ನೋಡುಗನಿಗೆ ಅನಿಸಬೇಕು, ಆದರೆ ಏನೆಂದು ತಕ್ಷಣ ಹೊಳೆಯಬಾರದು. 2003ರ ಎರಡು ಚಿತ್ರಗಳಲ್ಲಿ ಈ ಹಸಿರನ್ನು ಬಹಳ ಗಾಢ ಮಾಡಿದರು. ಅನಂತರ 2004ರ ಡಿವಿಡಿ ಪೆಟ್ಟಿಗೆಗಾಗಿ ಮೂರನ್ನೂ ಸಿದ್ಧಪಡಿಸುವಾಗ, ಮೂರೂ ಒಂದೇ ರೀತಿ ಕಾಣಲೆಂದು ಮೊದಲ ಚಿತ್ರಕ್ಕೂ ಅದೇ ಗಾಢ ಹಸಿರನ್ನು ಬಳಿದರು. ನಿಮ್ಮ ಬಳಿ ಇರುವ 2008ರ ಬ್ಲೂರೇ ಆ ಪರಂಪರೆಗೇ ಸೇರಿದ್ದು. ಅದರಲ್ಲಿ ಪಾತ್ರಗಳ ಮುಖಗಳೂ ಬಿಳಿಯ ಅಂಗಿಗಳೂ ಪಾಚಿ ಕಟ್ಟಿದ ಗಾಜಿನ ಹಿಂದೆ ಇರುವಂತೆ ಕಾಣುತ್ತವೆ.

2018ರ ಆವೃತ್ತಿಗಾಗಿ ಮೂಲ ಕ್ಯಾಮೆರಾ ನೆಗೆಟಿವ್ ಅನ್ನೇ ಮತ್ತೆ ಸ್ಕ್ಯಾನ್ ಮಾಡಿ, ಬಿಲ್ ಪೋಪ್ ಅವರ ಮೇಲ್ವಿಚಾರಣೆಯಲ್ಲಿ ಬಣ್ಣ ಹೊಂದಿಸಿದ್ದಾರೆ. ಚರ್ಮಕ್ಕೆ ಚರ್ಮದ ಬಣ್ಣ ಮರಳಿದೆ. ತರಬೇತಿಯ ಭಾಗದಲ್ಲಿ ನಗರದ ಜನಜಂಗುಳಿಯ ನಡುವೆ ನಡೆದುಬರುವ ಹೆಂಗಸಿನ ಕೆಂಪು ಉಡುಪು ನಿಜವಾಗಿಯೂ ಕೆಂಪಾಗಿದೆ, ಆದ್ದರಿಂದ ನಿಯೋ ಏಕೆ ತಿರುಗಿ ನೋಡಿದನೆಂಬುದಕ್ಕೂ ಅರ್ಥ ಬಂದಿದೆ. ಈ ಒಂದು ಚಿತ್ರಕ್ಕಾಗಿಯೇ ಪೆಟ್ಟಿಗೆಯ ಬೆಲೆಯ ಬಹುಪಾಲನ್ನು ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಅರೆನಿದ್ದೆ

ಮ್ಯಾಟಿನಿಪ್ರಿಯ ಅವರ ಬರಹದ ಕೊನೆಯ ಸಾಲನ್ನೇ ಹಿಡಿದು ಕೇಳುತ್ತೇನೆ. ಒಂದು ಚಿತ್ರಕ್ಕಾಗಿ ಬೆಲೆ ಕೊಡಬಹುದು ಎಂದಾದರೆ ಆ ಒಂದನ್ನೇ ಕೊಂಡರಾಗದೇ? ಮೊದಲ ಚಿತ್ರದ 4ಕೆ ಡಿಸ್ಕ್ 2018ರ ಮೇ ತಿಂಗಳಲ್ಲೇ ಬಿಡಿಯಾಗಿ ಬಂದಿತ್ತು. ಮುಂದುವರಿಕೆಗಳೂ ಪೆಟ್ಟಿಗೆಯೂ ಅದೇ ಅಕ್ಟೋಬರ್‌ನಲ್ಲಿ ಬಂದವು. ಮೂರರ ಪೆಟ್ಟಿಗೆ ಎಂಬುದು ಒಂದು ಒಳ್ಳೆಯ ಚಿತ್ರದ ಬೆನ್ನಿಗೆ ಎರಡು ಸಾಧಾರಣ ಚಿತ್ರಗಳನ್ನು ಕಟ್ಟಿ ಮಾರುವ ಹಳೆಯ ಉಪಾಯ. ಪ್ರಶ್ನೆ ಕೇಳಿದವರೇ ಉಳಿದೆರಡನ್ನು ನೋಡಿ ಬಹಳ ಕಾಲವಾಗಿದೆ ಎಂದಿದ್ದಾರೆ. ನೋಡಬೇಕು ಅನಿಸಿದ್ದರೆ ಕೈಯಲ್ಲಿರುವ ಬ್ಲೂರೇಯಲ್ಲೇ ನೋಡುತ್ತಿದ್ದರಲ್ಲವೇ? 4ಕೆ ಆದ ಮಾತ್ರಕ್ಕೆ ರಿಲೋಡೆಡ್‌ನ ಉದ್ದುದ್ದ ಸಂಭಾಷಣೆಗಳು ಚಿಕ್ಕವಾಗುವುದಿಲ್ಲ.

ಇನ್ನೊಂದು ಮಾತು. ಚಿತ್ರಮಂದಿರದಲ್ಲಿ ಕಂಡ ಬಣ್ಣ ಇದೇ ಎಂದು ಹಲವರು ಖಚಿತವಾಗಿ ಹೇಳುವುದನ್ನು ಓದಿದ್ದೇನೆ. ಬಣ್ಣದ ವಿಷಯದಲ್ಲಿ ಇಪ್ಪತ್ತೈದು ವರ್ಷಗಳ ಹಿಂದಿನ ನೆನಪನ್ನು ಸಾಕ್ಷಿಯಾಗಿ ಒಪ್ಪುವುದು ಕಷ್ಟ. ಅಂದು ನಮ್ಮೂರುಗಳಿಗೆ ಬಂದ ಪ್ರಿಂಟುಗಳ ಗುಣಮಟ್ಟವೂ ಪ್ರೊಜೆಕ್ಟರ್ ದೀಪದ ಶಕ್ತಿಯೂ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದವು.

ಮ್ಯಾಟಿನಿಪ್ರಿಯ

ಅರೆನಿದ್ದೆ ಅವರೇ, ನೆನಪಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಮೊದಲ ಚಿತ್ರವನ್ನು ಬೆಂಗಳೂರಿನ ಚಿತ್ರಮಂದಿರದಲ್ಲೇ ನೋಡಿದವನಾದರೂ ನನ್ನ ವಾದ ಆ ನೆನಪಿನ ಮೇಲೆ ನಿಂತಿಲ್ಲ. 1999ರಲ್ಲೇ ಬಂದ ಮೊದಲ ಡಿವಿಡಿಯನ್ನು ಹಾಕಿ ನೋಡಿ. ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿ ದಾಟಿದ ಮೊದಲ ಡಿವಿಡಿ ಎಂಬ ಹೆಸರು ಪಡೆದದ್ದು ಅದೇ. ಮುಂದುವರಿಕೆಗಳು ಇನ್ನೂ ಹುಟ್ಟಿರದ ಕಾಲದಲ್ಲಿ ಸಿದ್ಧವಾದ ಆ ಡಿಸ್ಕ್‌ನಲ್ಲಿ ಹಸಿರು ಹಿತಮಿತವಾಗಿದೆ. ಚಿತ್ರೀಕರಿಸಿದ ಛಾಯಾಗ್ರಾಹಕರೇ ಕೂತು ಹೊಂದಿಸಿದ 2018ರ ಬಣ್ಣವೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿದೆ. ನಡುವಿನ 2004 ಮತ್ತು 2008ರ ಆವೃತ್ತಿಗಳು ಮಾತ್ರ ಬೇರೆ ದಾರಿ ಹಿಡಿದಿವೆ. ಇಷ್ಟು ಸಾಕ್ಷಿ ನನಗೆ ಸಾಕು.

ಬಿಡಿಯಾಗಿ ಕೊಳ್ಳುವ ಸಲಹೆಗೂ ನನ್ನ ವಿರೋಧವಿಲ್ಲ. ಆದರೆ ಮುಂದುವರಿಕೆಗಳನ್ನು ಸಾಧಾರಣ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಅದನ್ನು ಮುಂದೆ ಬರೆಯುತ್ತೇನೆ.

ಶಬ್ದಲೋಕ

ಎಲ್ಲರೂ ಕಣ್ಣಿನ ಬಗ್ಗೆಯೇ ಬರೆಯುತ್ತಿದ್ದೀರಿ, ಆದ್ದರಿಂದ ಕಿವಿಯ ಪರವಾಗಿ ನಾಲ್ಕು ಮಾತು. ಮೊದಲ ಚಿತ್ರಕ್ಕೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಎರಡು ಧ್ವನಿಗೆ ಸಂಬಂಧಿಸಿದವು. ಉಳಿದೆರಡು ಸಂಕಲನ ಮತ್ತು ದೃಶ್ಯ ಪರಿಣಾಮಗಳಿಗೆ ಸಂದವು. 4ಕೆ ಡಿಸ್ಕ್‌ಗಳಲ್ಲಿ ಮೂರು ಚಿತ್ರಗಳಿಗೂ ಡಾಲ್ಬಿ ಅಟ್ಮಾಸ್ (ಸುತ್ತಲಿಂದಲ್ಲದೆ ಮೇಲಿನಿಂದಲೂ ಕೇಳಿಸುವ) ಧ್ವನಿಯನ್ನು ಹೊಸದಾಗಿ ಮಿಶ್ರಣ ಮಾಡಿದ್ದಾರೆ. ಸರ್ಕಾರಿ ಕಟ್ಟಡದ ಹಜಾರದಲ್ಲಿ ನಡೆಯುವ ಗುಂಡಿನ ಕಾಳಗದಲ್ಲಿ ಕಂಬಗಳ ಕಲ್ಲಿನ ಚೂರುಗಳು ಬೀಳುವುದು, ಆಮೇಲಿನ ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತುವುದು, ಇವೆಲ್ಲ ಮೇಲ್ಛಾವಣಿಯ ಸ್ಪೀಕರ್ ಇರುವವರಿಗೆ ಹಬ್ಬ.

ಸ್ಟ್ರೀಮಿಂಗ್‌ನಲ್ಲೂ ಅಟ್ಮಾಸ್ ಎಂಬ ಗುರುತು ಕಾಣುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಎರಡಕ್ಕೂ ಹೆಸರು ಒಂದೇ, ಸರಕು ಬೇರೆ. ಡಿಸ್ಕ್‌ನಲ್ಲಿ ಅಟ್ಮಾಸ್ ಬರುವುದು ಡಾಲ್ಬಿ ಟ್ರೂಎಚ್‌ಡಿ ಎಂಬ ನಷ್ಟವಿಲ್ಲದ ರೂಪದಲ್ಲಿ, ಸ್ಟ್ರೀಮಿಂಗ್‌ನಲ್ಲಿ ಬರುವುದು ಒತ್ತಿ ಕಿರಿದುಗೊಳಿಸಿದ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ. ಚಿತ್ರದ ವಿಷಯದಲ್ಲೂ ಹಾಗೆಯೇ. 100 ಜಿಬಿಯ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗೆ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಹರಿಸುವ ಅವಕಾಶವಿದೆ. 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಮಟ್ಟದಲ್ಲಿರುತ್ತದೆ. ಕತ್ತಲೆಯ ಸುರಂಗಗಳು, ಸುರಿಯುವ ಮಳೆ, ಫಿಲ್ಮಿನ ಕಣಗಳು ತುಂಬಿರುವ ಇಂತಹ ಚಿತ್ರದಲ್ಲಿ ಆ ಅಂತರ ಎದ್ದು ಕಾಣುತ್ತದೆ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಸಂಗತಿ ಮೂರನೆಯ ಚಿತ್ರದಲ್ಲಿದೆ. ರೆವಲ್ಯೂಷನ್ಸ್‌ನ ಕೊನೆಯ ಕಾಳಗಕ್ಕೆ ಸಂಗೀತ ನಿರ್ದೇಶಕ ಡಾನ್ ಡೇವಿಸ್ ಅವರು ಸಂಯೋಜಿಸಿದ ಸಮೂಹಗಾನದ ಸಾಹಿತ್ಯ ಉಪನಿಷತ್ತುಗಳ ಸಂಸ್ಕೃತ ವಾಕ್ಯಗಳು. ಬೃಹದಾರಣ್ಯಕದ ‘ಅಸತೋ ಮಾ ಸದ್ಗಮಯ’ ಅದರಲ್ಲಿದೆ. ಟಿವಿಯ ಸ್ವಂತ ಸ್ಪೀಕರಿನಲ್ಲಿ ಕೇಳಿದಾಗ ಗುಡುಗು, ಹೊಡೆತ, ವಾದ್ಯಗಳ ನಡುವೆ ಅದು ಬರಿಯ ಗದ್ದಲ. ಒಳ್ಳೆಯ ವ್ಯವಸ್ಥೆಯಲ್ಲಿ ಗಾಯಕವೃಂದ ಬೇರೆಯಾಗಿ ನಿಲ್ಲುತ್ತದೆ. ಉಚ್ಚಾರಣೆ ಪರದೇಶದ ಗಾಯಕರದ್ದು, ನಮ್ಮ ಕಿವಿಗೆ ಪದಗಳು ತಕ್ಷಣ ಸಿಕ್ಕುವುದಿಲ್ಲ; ಆದರೂ ಒಮ್ಮೆ ಗೊತ್ತಾದ ಮೇಲೆ ಆ ದೃಶ್ಯವನ್ನು ಮೊದಲಿನಂತೆ ನೋಡಲಾಗುವುದಿಲ್ಲ.

ತುಂಗಾತೀರ ಅವರಿಗೆ ಒಂದು ಎಚ್ಚರಿಕೆ. ನಿಮ್ಮ ಸೌಂಡ್‌ಬಾರ್ ಟಿವಿಯ ಮೂಲಕ ಜೋಡಣೆಯಾಗಿದ್ದರೆ ಎರಡೂ ಕಡೆ ಇಆರ್ಕ್ (ಟಿವಿಯಿಂದ ಸೌಂಡ್‌ಬಾರ್‌ಗೆ ಧ್ವನಿ ಸಾಗಿಸುವ ಎಚ್‌ಡಿಎಂಐ ಸಂಪರ್ಕದ ಹೊಸ ರೂಪ) ಇದೆಯೇ ಎಂದು ನೋಡಿಕೊಳ್ಳಿ. ಹಳೆಯ ಆರ್ಕ್ ಸಂಪರ್ಕದಲ್ಲಿ ಟ್ರೂಎಚ್‌ಡಿ ಹಾದುಹೋಗುವುದಿಲ್ಲ. ಹಾಗಿದ್ದ ಪಕ್ಷದಲ್ಲಿ ಧ್ವನಿಯ ಲಾಭವನ್ನು ಲೆಕ್ಕದಿಂದ ಬಿಟ್ಟುಬಿಡುವುದೇ ಸರಿ.

ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಉಪನಿಷತ್ತಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಟಿವಿಯಲ್ಲಿ ಇಆರ್ಕ್ ಇದೆ, ಸೌಂಡ್‌ಬಾರ್‌ನಲ್ಲೂ ಇದೆ ಎಂದು ಈಗ ಕೈಪಿಡಿ ನೋಡಿ ಖಚಿತಪಡಿಸಿಕೊಂಡೆ.

ಇನ್ನು ಎರಡು ಸಂದೇಹಗಳು. ಪ್ಲೇಸ್ಟೇಷನ್ 5ರಲ್ಲಿ ಈ ಡಿಸ್ಕ್‌ಗಳ ಡಾಲ್ಬಿ ವಿಷನ್ ಕೆಲಸ ಮಾಡುತ್ತದೆಯೇ? ಹೊರದೇಶದಿಂದ ತರಿಸಿದರೆ ಪ್ರದೇಶ ಸಂಕೇತದ (ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಹಾಕುವ ಬೀಗದ) ತೊಡಕು ಬರುತ್ತದೆಯೇ? ಇಲ್ಲಿನ ಅಂಗಡಿಗಳಲ್ಲಿ ಈಗ ಡಿಸ್ಕ್ ಇಡುವವರೇ ಅಪರೂಪವಾಗಿಬಿಟ್ಟಿದ್ದಾರೆ.

ಹಡ್ಸನ್‌ದಡದವ

ತುಂಗಾತೀರ ಅವರೇ, ನಾನು ನ್ಯೂಜೆರ್ಸಿಯಲ್ಲಿ ನೆಲೆಸಿರುವವನು. ಊರಿಗೆ ಬರುವಾಗ ಸ್ನೇಹಿತರಿಗಾಗಿ ಡಿಸ್ಕ್‌ಗಳನ್ನು ತರುವ ಅಭ್ಯಾಸವಿರುವುದರಿಂದ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ಪ್ರದೇಶ ಸಂಕೇತ ಎಂಬುದೇ ಇಲ್ಲ. ಅಮೆರಿಕದ್ದನ್ನು ಶಿವಮೊಗ್ಗದಲ್ಲಿ ಹಾಕಿದರೂ ಓಡುತ್ತದೆ. ಮಾಮೂಲಿ ಬ್ಲೂರೇಗಳಿಗೆ ಮಾತ್ರ ಎ, ಬಿ, ಸಿ ಎಂಬ ಮೂರು ವಿಭಾಗಗಳಿವೆ. ಅಮೆರಿಕ ಎ ವಿಭಾಗದಲ್ಲಿದೆ, ಭಾರತ ಸಿ ವಿಭಾಗದಲ್ಲಿದೆ. ವಾರ್ನರ್ ಸಂಸ್ಥೆಯ ಬ್ಲೂರೇಗಳು ಬಹುತೇಕ ಬೀಗವಿಲ್ಲದೆ ಬರುತ್ತವೆ, ಆದರೂ ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿಯನ್ನು ನೋಡುವುದು ಒಳ್ಳೆಯದು.

ಅಮೆರಿಕದ ಪೆಟ್ಟಿಗೆಯಲ್ಲಿ ಡಿಜಿಟಲ್ ಪ್ರತಿಯ ಸಂಕೇತವಿರುವ ಒಂದು ಚೀಟಿ ಇರುತ್ತದೆ. ಅದು ಅಮೆರಿಕದ ಖಾತೆಗಳಲ್ಲಿ ಮಾತ್ರ ಕೆಲಸ ಮಾಡುವುದರಿಂದ ಅದಕ್ಕೆ ಬೆಲೆ ಕಟ್ಟಬೇಡಿ. ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿದರೆ ಆಮದು ಸುಂಕ ಮತ್ತು ಕೊರಿಯರ್‌ನವರ ನಿರ್ವಹಣಾ ಶುಲ್ಕ ಸೇರಿ ಬೆಲೆ ಏರುತ್ತದೆ. ಬರುವ ಬಂಧುಗಳ ಕೈಯಲ್ಲಿ, ಪ್ರಯಾಣಿಕರಿಗೆ ಸಿಗುವ ಸುಂಕರಿಯಾಯಿತಿಯ ಮಿತಿಯೊಳಗೆ ತರಿಸುವುದೇ ಉಳಿತಾಯದ ದಾರಿ.

ಪ್ಲೇಸ್ಟೇಷನ್ ಬಗ್ಗೆ ನೇರವಾಗಿ ಹೇಳುತ್ತೇನೆ: ಅದರಲ್ಲಿ ಡಾಲ್ಬಿ ವಿಷನ್ ಇಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಡಿಸ್ಕ್‌ಗಳಿಂದ ಡಾಲ್ಬಿ ವಿಷನ್ ಕೊಡುವುದಿಲ್ಲ. ಹಾಗೆಂದು ಚಿತ್ರ ಕಾಣದೇ ಹೋಗುವುದಿಲ್ಲ. ಈ ಡಿಸ್ಕ್‌ಗಳಲ್ಲಿ ಎಚ್‌ಡಿಆರ್10 (ಬೆಳಕು, ಬಣ್ಣಗಳ ಹರವನ್ನು ಹಿಗ್ಗಿಸುವ ಎಚ್‌ಡಿಆರ್ ತಂತ್ರದ ಸಾಮಾನ್ಯ ರೂಪ) ಕೂಡ ಇದ್ದೇ ಇರುತ್ತದೆ, ಅದೇ ಕಾಣುತ್ತದೆ. ಮ್ಯಾಟಿನಿಪ್ರಿಯ ಅವರು ಹೇಳಿದ ಬಣ್ಣದ ತಿದ್ದುಪಡಿ ಎರಡರಲ್ಲೂ ಒಂದೇ. ಡಾಲ್ಬಿ ವಿಷನ್‌ಗಾಗಿಯೇ ಬೇರೆ ಪ್ಲೇಯರ್ ಕೊಳ್ಳುವ ಅಗತ್ಯ ನಿಮಗೆ ಈಗಲೇ ಇದೆಯೆಂದು ನನಗನ್ನಿಸದು. ಆದರೆ ಓಪ್ಪೊ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಪ್ಲೇಯರ್‌ಗಳ ವ್ಯವಹಾರದಿಂದ ಹಿಂದೆ ಸರಿದವು, ಎಲ್‌ಜಿಯೂ ಅದೇ ದಾರಿ ಹಿಡಿಯಿತು. ಒಂದಲ್ಲ ಒಂದು ದಿನ ಕೊಳ್ಳುವ ಮನಸ್ಸಿದ್ದರೆ ಬಹಳ ತಡಮಾಡಬೇಡಿ.

ಅರೆನಿದ್ದೆ

ಅಂದರೆ ಪೆಟ್ಟಿಗೆ ಕೊಂಡ ಮೇಲೆ ಅದಕ್ಕೊಂದು ಪ್ಲೇಯರ್, ಪ್ಲೇಯರ್ ಬಂದ ಮೇಲೆ ಅದಕ್ಕೆ ತಕ್ಕ ಸ್ಪೀಕರ್. ಎರಡು ಗಂಟೆ ಹದಿನಾರು ನಿಮಿಷದ ಒಂದು ಚಿತ್ರ ನೋಡಲು ಮನೆಯ ಹಜಾರವನ್ನೇ ಬದಲಿಸುವ ಹಂತಕ್ಕೆ ಚರ್ಚೆ ಬಂದಿದೆ.

ಸಂಚಾಲಕ

ನಕಲು ಪ್ರತಿಗಳ ಕೊಂಡಿಯನ್ನು ಹಾಕಿದ್ದ ಒಂದು ಉತ್ತರವನ್ನು ತೆಗೆದುಹಾಕಲಾಗಿದೆ. ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಹೀಗೆಯೇ ಮುಂದುವರಿಯಲಿ.

ಪಾಠದಕೋಣೆ

ಮಾಧ್ಯಮ ವಿಭಾಗವೊಂದರಲ್ಲಿ ಸಿನಿಮಾ ಕಲಿಸುವವಳಾಗಿ ನಾನು ಈ ಪೆಟ್ಟಿಗೆಯನ್ನು ಬೇರೆಯೇ ಕಾರಣಕ್ಕೆ ಇಟ್ಟುಕೊಂಡಿದ್ದೇನೆ. ಇದರಲ್ಲಿ ಒಟ್ಟು ಒಂಬತ್ತು ಡಿಸ್ಕ್‌ಗಳಿವೆ. ಪ್ರತಿ ಚಿತ್ರಕ್ಕೂ ಒಂದು ಅಲ್ಟ್ರಾ ಎಚ್‌ಡಿ, ಹೊಸ ಬಣ್ಣದ ಪ್ರತಿಯಿಂದಲೇ ಮಾಡಿದ ಒಂದು ಬ್ಲೂರೇ, ಮತ್ತು ಹಿನ್ನೆಲೆಯ ಸಾಮಗ್ರಿ ತುಂಬಿದ ಇನ್ನೊಂದು ಬ್ಲೂರೇ. ಇದರಲ್ಲಿ ಎರಡನೆಯದನ್ನು ಇಲ್ಲಿ ಯಾರೂ ಎತ್ತಲಿಲ್ಲವೆಂಬುದು ನನಗೆ ಆಶ್ಚರ್ಯ. 4ಕೆ ಟಿವಿ ಇಲ್ಲದವರಿಗೂ, ಮಾಮೂಲಿ ಬ್ಲೂರೇ ಪ್ಲೇಯರ್ ಮಾತ್ರ ಇರುವವರಿಗೂ ತಿದ್ದಿದ ಬಣ್ಣ ಅದರಲ್ಲಿ ಸಿಗುತ್ತದೆ. ನಮ್ಮ ವಿಭಾಗದ ಪ್ರೊಜೆಕ್ಟರ್ 4ಕೆ ಅಲ್ಲ. ವಿದ್ಯಾರ್ಥಿಗಳಿಗೆ 2008ರ ಡಿಸ್ಕ್‌ನ ಒಂದು ದೃಶ್ಯವನ್ನೂ ಈ ಹೊಸ ಬ್ಲೂರೇಯ ಅದೇ ದೃಶ್ಯವನ್ನೂ ಒಂದಾದ ಮೇಲೊಂದು ತೋರಿಸಿದಾಗ, ಬಣ್ಣ ಹೊಂದಿಸುವವರ ಕೆಲಸ ಕಥೆಯ ಮೇಲೆ ಏನು ಮಾಡಬಲ್ಲದೆಂದು ವಿವರಿಸಬೇಕಾಗಿಯೇ ಬರಲಿಲ್ಲ.

ಹಿನ್ನೆಲೆಯ ಸಾಮಗ್ರಿಯಲ್ಲಿ ಬಹುಪಾಲು ಹಳೆಯ ಡಿವಿಡಿ ಕಾಲದ್ದು, ಆದ್ದರಿಂದ ದೊಡ್ಡ ಪರದೆಯಲ್ಲಿ ಮಸುಕಾಗಿ ಕಾಣುತ್ತದೆ. ಸತ್ವದಲ್ಲಿ ಮಾತ್ರ ಕೊರತೆಯಿಲ್ಲ. ಕಾಲವನ್ನೇ ನಿಲ್ಲಿಸಿದಂತೆ ಕಾಣುವ ಆ ಪ್ರಸಿದ್ಧ ದೃಶ್ಯಗಳಿಗಾಗಿ ದೃಶ್ಯ ಪರಿಣಾಮಗಳ ಮೇಲ್ವಿಚಾರಕ ಜಾನ್ ಗೇಟಾ ಅವರ ತಂಡ ಸುಮಾರು 120 ಸ್ಥಿರಚಿತ್ರ ಕ್ಯಾಮೆರಾಗಳನ್ನು ಸಾಲಾಗಿ ಬಾಗಿಸಿ ನಿಲ್ಲಿಸಿ, ಒಂದಾದ ಮೇಲೊಂದನ್ನು ಚಿಟಿಕೆಗಿಂತ ಕಡಿಮೆ ಅಂತರದಲ್ಲಿ ಕ್ಲಿಕ್ಕಿಸಿದ ಬಗೆಯನ್ನು ನೋಡಿದರೆ ಅದೊಂದು ಪಾಠವೇ. ನಟರನ್ನು ತಿಂಗಳುಗಟ್ಟಲೆ ಕಾಳಗಕ್ಕೆ ಪಳಗಿಸಿದ ಹಾಂಗ್‌ಕಾಂಗ್‌ನ ಯುಯೆನ್ ವೂಪಿಂಗ್ ಅವರ ಕೆಲಸವೂ ಇದರಲ್ಲಿ ಕಾಣಸಿಗುತ್ತದೆ.

ವ್ಯಾಖ್ಯಾನದ ಧ್ವನಿಪಥಗಳದ್ದು ಇನ್ನೂ ಸ್ವಾರಸ್ಯದ ವಿಷಯ. ನಿರ್ದೇಶಕರಾದ ವಚೋಸ್ಕಿ ಸೋದರಿಯರು ತಮ್ಮ ಚಿತ್ರದ ಅರ್ಥವನ್ನು ತಾವೇ ಹೇಳಲು ಒಪ್ಪಲಿಲ್ಲ. ಬದಲಿಗೆ ಚಿತ್ರಗಳನ್ನು ಮೆಚ್ಚಿದ ಇಬ್ಬರು ಚಿಂತಕರನ್ನು, ಅಂದರೆ ಕಾರ್ನೆಲ್ ವೆಸ್ಟ್ ಮತ್ತು ಕೆನ್ ವಿಲ್ಬರ್ ಅವರನ್ನು, ಒಂದು ಧ್ವನಿಪಥಕ್ಕೂ, ಚಿತ್ರಗಳನ್ನು ಅಷ್ಟಾಗಿ ಮೆಚ್ಚದ ಮೂವರು ವಿಮರ್ಶಕರನ್ನು ಇನ್ನೊಂದಕ್ಕೂ ಕೂರಿಸಿದರು. ತಮ್ಮದೇ ಡಿಸ್ಕ್‌ನಲ್ಲಿ ತಮ್ಮನ್ನು ಟೀಕಿಸುವವರಿಗೆ ಮೂರೂ ಚಿತ್ರಗಳ ಉದ್ದಕ್ಕೂ ಮೈಕು ಕೊಡುವ ಧೈರ್ಯ ಎಷ್ಟು ಜನರಿಗಿದೆ? ಅರೆನಿದ್ದೆ ಅವರಿಗೆ ಮುಂದುವರಿಕೆಗಳು ಹಿಡಿಸದಿದ್ದರೂ ಈ ಎರಡನೆಯ ಧ್ವನಿಪಥ ಖಂಡಿತ ಹಿಡಿಸುತ್ತದೆ. ಆದರೆ ಇವುಗಳಿಗೆ ಕನ್ನಡದ ಸಬ್‌ಟೈಟಲ್ ಇಲ್ಲವೆಂಬುದನ್ನು ಗಮನದಲ್ಲಿಡಿ. ವೆಸ್ಟ್ ಅವರ ವೇಗದ ಮಾತನ್ನು ಹಿಂಬಾಲಿಸಲು ಕಿವಿಗೊಟ್ಟು ಕೂರಬೇಕಾಗುತ್ತದೆ.

ಮ್ಯಾಟಿನಿಪ್ರಿಯ

ಪಾಠದಕೋಣೆ ಮೇಡಂ ಅವರು ಬ್ಲೂರೇಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಾನು ಬರೆಯುತ್ತೇನೆಂದಿದ್ದ ಮುಂದುವರಿಕೆಗಳ ಮಾತಿಗೆ ಈಗ ಬರುತ್ತೇನೆ.

ರಿಲೋಡೆಡ್‌ನ ಹೆದ್ದಾರಿ ಬೆನ್ನಟ್ಟುವಿಕೆಗಾಗಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ನೌಕಾಪಡೆ ಬಿಟ್ಟುಹೋಗಿದ್ದ ವಿಮಾನನೆಲೆಯ ಮೇಲೆ ಸುಮಾರು ಒಂದೂವರೆ ಮೈಲಿಯ ಹೆದ್ದಾರಿಯನ್ನೇ ಕಟ್ಟಿದ್ದರು. ನಿಜವಾದ ಗೋಡೆ, ನಿಜವಾದ ವಾಹನಗಳು, ಅವುಗಳ ನಡುವೆ ಎದುರು ದಿಕ್ಕಿಗೆ ಓಡುವ ನಿಜವಾದ ಮೋಟಾರ್‌ಸೈಕಲ್. ಈ ಭಾಗ 4ಕೆಯಲ್ಲಿ ಬೆರಗು ಹುಟ್ಟಿಸುತ್ತದೆ. ಲೋಹದ ಮೇಲಿನ ಬಿಸಿಲಿನ ಹೊಳಪು, ಟ್ರಕ್ಕಿನ ಮೇಲಿನ ಧೂಳು, ಎಲ್ಲವೂ ಎಚ್‌ಡಿಆರ್‌ನಲ್ಲಿ ಬೇರೆಯೇ ಮಟ್ಟದಲ್ಲಿ ಕಾಣುತ್ತವೆ. ರೆವಲ್ಯೂಷನ್ಸ್‌ನಲ್ಲಿ ಜಿಯಾನ್ ನಗರದ ಬಂದರಿನ ಕಾಳಗವೂ ಹಾಗೆಯೇ. ಹಳೆಯ ಬ್ಲೂರೇಯಲ್ಲಿ ಬೂದು ಮುದ್ದೆಯಾಗಿದ್ದ ಯಂತ್ರಗಳ ಹಿಂಡು ಇದರಲ್ಲಿ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಇದರ ಎದುರು ಪಕ್ಷವನ್ನೂ ಹೇಳಲೇಬೇಕು. ರಿಲೋಡೆಡ್‌ನಲ್ಲಿ ಖಳನಾಯಕ ಸ್ಮಿತ್‌ನ ನೂರು ಪ್ರತಿರೂಪಗಳೊಂದಿಗಿನ ಹೊಡೆದಾಟದಲ್ಲಿ ನಟರ ಮುಖಗಳನ್ನು ಐದು ಎಚ್‌ಡಿ ಕ್ಯಾಮೆರಾಗಳಿಂದ ಸೆರೆಹಿಡಿದು ಕಂಪ್ಯೂಟರ್ ದೇಹಗಳಿಗೆ ಹೊದಿಸಿದ್ದರು. ಅದರ ಕಾಲಕ್ಕೆ ಅದು ಮಹಾಸಾಹಸ. ಆದರೆ 4ಕೆಯ ಸ್ಪಷ್ಟತೆ ಅದರ ಮೇಲೆ ದಯೆ ತೋರುವುದಿಲ್ಲ. ದೇಹಗಳು ರಬ್ಬರಿನಂತೆ ಬಳುಕುವುದು ಈ ಹಿಂದೆ ಊಹೆಯಾಗಿತ್ತು, ಈಗ ಕಣ್ಣಿಗೆ ರಾಚುತ್ತದೆ. ಆ ಕೆಲವು ನಿಮಿಷಗಳಿಗೆ ಹಳೆಯ ಡಿವಿಡಿಯೇ ಮೇಲು ಎಂದರೂ ತಪ್ಪಾಗದು.

ಅರೆನಿದ್ದೆ

ಮುಂದುವರಿಕೆಗಳ ಪರವಾಗಿ ವಾದಿಸಲು ಬಂದವರೇ ಅವುಗಳ ಮುಖ್ಯ ಹೊಡೆದಾಟವನ್ನು ಡಿವಿಡಿಯಲ್ಲಿ ನೋಡಿ ಎನ್ನುತ್ತಿದ್ದಾರೆ. ನಾನು ಇನ್ನೇನು ಸೇರಿಸಲಿ? ಹೆದ್ದಾರಿಯ ಭಾಗ ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ. ರೆವಲ್ಯೂಷನ್ಸ್‌ನ ರೈಲು ನಿಲ್ದಾಣದಲ್ಲಿ ಬರುವ ರಾಮ ಕಂದ್ರ, ಕಮಲಾ, ಅವರ ಮಗಳು ಸತಿ, ಈ ಕುಟುಂಬದ ದೃಶ್ಯ ನನಗೂ ಇಷ್ಟ. ಯಂತ್ರಲೋಕದ ಕಾರ್ಯಕ್ರಮವೊಂದು ಪ್ರೀತಿಯ ಬಗ್ಗೆ, ಕರ್ಮದ ಬಗ್ಗೆ ಅಷ್ಟು ಸಮಾಧಾನದಿಂದ ಮಾತನಾಡುವುದು ಆ ಚಿತ್ರದ ಅತ್ಯುತ್ತಮ ಭಾಗ. ಅದನ್ನು ಸವಿಯಲು ಎಚ್‌ಡಿಆರ್ ಬೇಕೆಂದು ಮಾತ್ರ ನನಗನ್ನಿಸದು.

ಕಡಲಗಾಳಿ

ತುಂಗಾತೀರ ಅವರು ಹಳೆಯ ಪೆಟ್ಟಿಗೆಯನ್ನು ಮಾರಿ ಹೊಸದಕ್ಕೆ ಹಣ ಹೊಂದಿಸುವ ಯೋಚನೆಯಲ್ಲಿದ್ದರೆ, ದಯವಿಟ್ಟು ಮಾರಬೇಡಿ. 2003ರಲ್ಲಿ ಬಂದ ‘ದಿ ಅನಿಮ್ಯಾಟ್ರಿಕ್ಸ್’ ಎಂಬ ಒಂಬತ್ತು ಕಿರು ಅನಿಮೇಷನ್ ಚಿತ್ರಗಳ ಗುಚ್ಛ ಆ ಹಳೆಯ ಪೆಟ್ಟಿಗೆಯಲ್ಲಿದೆ, 4ಕೆ ತ್ರಿವಳಿಯಲ್ಲಿ ಇಲ್ಲ. ಮನುಷ್ಯರೂ ಯಂತ್ರಗಳೂ ಯುದ್ಧಕ್ಕೆ ಇಳಿದದ್ದು ಹೇಗೆಂಬುದನ್ನು ತಿಳಿಸುವ ಎರಡು ಭಾಗಗಳು ಅದರಲ್ಲಿವೆ. ಎರಡೂ ಮುಂದುವರಿಕೆಗಳಿಗಿಂತ ಅವೇ ಮೇಲೆಂದು ನಾನು ತಿಳಿದಿದ್ದೇನೆ.

ಬಳಸಿದ ಪೆಟ್ಟಿಗೆ ಕೊಳ್ಳುವವರಿಗೆ ಒಂದು ಮಾತು. ಆನ್‌ಲೈನ್ ಮಾರಾಟಗಾರರೊಬ್ಬರು ನನಗೆ ಕಳಿಸಿದ ಸೆಟ್‌ನಲ್ಲಿ ಒಂಬತ್ತರ ಬದಲು ಆರೇ ಡಿಸ್ಕ್‌ಗಳಿದ್ದವು. ಹಿನ್ನೆಲೆಯ ಮೂರು ಡಿಸ್ಕ್‌ಗಳು ಮಾಯವಾಗಿದ್ದವು. ಒಳಗಿನ ಚಿತ್ರವನ್ನು ಕೇಳಿ ತರಿಸಿಕೊಂಡ ಮೇಲಷ್ಟೇ ಹಣ ಕಳಿಸಿ. ನಮ್ಮ ಕರಾವಳಿಯಂತಹ ತೇವದ ಊರುಗಳಲ್ಲಿ ಬಹುಕಾಲ ಬಿದ್ದಿದ್ದ ಡಿಸ್ಕ್‌ಗಳ ಮೇಲೆ ಬೂಷ್ಟು ಹಿಡಿದಿರುತ್ತದೆ. 4ಕೆ ಡಿಸ್ಕ್‌ಗಳಲ್ಲಿ ಮಾಹಿತಿ ಬಹಳ ಒತ್ತಾಗಿ ಬರೆದಿರುವುದರಿಂದ ಸಣ್ಣ ಕಲೆಗೂ ಚಿತ್ರ ತಡವರಿಸುತ್ತದೆ. ನಾನು ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಮಳೆಗಾಲದಲ್ಲಿ ಬದಲಿಸುತ್ತಿರುತ್ತೇನೆ.

ಹಡ್ಸನ್‌ದಡದವ

ಒಂದು ಸೇರ್ಪಡೆ. ನಾಲ್ಕನೆಯ ಚಿತ್ರ ‘ರೆಸರೆಕ್ಷನ್ಸ್’ 2021ರ ಡಿಸೆಂಬರ್‌ನಲ್ಲಿ ಬಂದ ನಂತರ ನಾಲ್ಕನ್ನೂ ಸೇರಿಸಿದ 4ಕೆ ಪೆಟ್ಟಿಗೆಯೂ ಹೊರಬಂದಿದೆ. ಮೂರರ ಪೆಟ್ಟಿಗೆ ಸಿಗದ ಕಡೆ ಅದು ಸಿಗಬಹುದು. ಅದನ್ನು ಕೊಳ್ಳುವವರು ಹಿನ್ನೆಲೆಯ ಡಿಸ್ಕ್‌ಗಳು ಎಷ್ಟಿವೆ ಎಂಬುದನ್ನು ಮಾರಾಟಗಾರರಲ್ಲಿ ಕೇಳಿಯೇ ಮುಂದುವರಿಯಲಿ, ಏಕೆಂದರೆ ಪಾಠದಕೋಣೆ ಅವರು ವರ್ಣಿಸಿದ ಸಂಪತ್ತು ಇರುವುದು ಆ ಡಿಸ್ಕ್‌ಗಳಲ್ಲಿ.

ತುಂಗಾತೀರ

ಎಲ್ಲರ ಮಾತುಗಳನ್ನೂ ಓದಿದ ಮೇಲೆ ಹಳೆಯ ಬ್ಲೂರೇಯನ್ನು ಹೊರತೆಗೆದು ಮೊದಲ ಅರ್ಧ ಗಂಟೆ ನೋಡಿದೆ. ಇಷ್ಟು ವರ್ಷ ಗಮನಕ್ಕೇ ಬಾರದಿದ್ದ ಹಸಿರು ಈಗ ಪ್ರತಿ ಚೌಕಟ್ಟಿನಲ್ಲೂ ಕಾಣತೊಡಗಿದೆ. ಇದಕ್ಕೆ ಮ್ಯಾಟಿನಿಪ್ರಿಯ ಅವರನ್ನು ವಂದಿಸಬೇಕೋ ದೂರಬೇಕೋ ತಿಳಿಯದು.

ಮೂರರ ಪೆಟ್ಟಿಗೆಯನ್ನೇ ಕೊಳ್ಳುತ್ತೇನೆ. ಅರೆನಿದ್ದೆ ಅವರ ವಾದ ನನ್ನನ್ನು ಬಿಡಿ ಡಿಸ್ಕ್‌ನ ಕಡೆಗೆ ಬಹುಮಟ್ಟಿಗೆ ಎಳೆದಿತ್ತು. ತಕ್ಕಡಿ ಈ ಕಡೆ ವಾಲಿದ್ದು ಇಬ್ಬರು ಚಿಂತಕರು, ಮೂವರು ವಿಮರ್ಶಕರ ಧ್ವನಿಪಥಗಳಿಂದ ಮತ್ತು ಆ ಸಂಸ್ಕೃತದ ಸಮೂಹಗಾನದಿಂದ. ಮಗಳು ಕಾಲೇಜಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಳೆ, ಅವಳಿಗೂ ಅವು ಬೇಕಂತೆ. ಅನಿಮ್ಯಾಟ್ರಿಕ್ಸ್‌ಗಾಗಿ ಹಳೆಯ ಪೆಟ್ಟಿಗೆ ಕಪಾಟಿನಲ್ಲೇ ಉಳಿಯುತ್ತದೆ. ಸದ್ಯಕ್ಕೆ ಪ್ಲೇಸ್ಟೇಷನ್‌ನಲ್ಲೇ ನೋಡುತ್ತೇನೆ, ಬೇರೆ ಪ್ಲೇಯರ್‌ನ ಮಾತು ಮುಂದಿನ ವರ್ಷಕ್ಕೆ. ಅಮೆರಿಕದಿಂದ ಬರುವ ಬಂಧುಗಳೊಬ್ಬರಿಗೆ ಹೇಳಿದ್ದೇನೆ. ಡಿಸ್ಕ್ ಬರುವಷ್ಟರಲ್ಲಿ ಟಿವಿಯಲ್ಲಿ ಏನಾದರೂ ಸರಿಪಡಿಸಿಕೊಳ್ಳಬೇಕಿದ್ದರೆ ತಿಳಿಸಿ.

ಶಬ್ದಲೋಕ

ಮೂರು ಸಂಗತಿ ನೋಡಿಕೊಳ್ಳಿ ಸರ್. ಟಿವಿಯ ಚಿತ್ರ ವಿಧಾನವನ್ನು ಫಿಲ್ಮ್‌ಮೇಕರ್ ಅಥವಾ ಸಿನಿಮಾ ಎಂಬುದಕ್ಕೆ ಇಡಿ. ವಿವಿಡ್‌ನಲ್ಲಿ ನೋಡಿದರೆ ಪೋಪ್ ಅವರು ಹೊಂದಿಸಿದ ಬಣ್ಣವನ್ನು ನಿಮ್ಮ ಟಿವಿ ಮತ್ತೆ ಕೆಡಿಸುತ್ತದೆ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಪೂರ್ತಿ ಆರಿಸಿ, ಇಲ್ಲದಿದ್ದರೆ ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರ ಧಾರಾವಾಹಿಯಂತೆ ಕಾಣುತ್ತದೆ. ಪ್ಲೇಸ್ಟೇಷನ್‌ನಲ್ಲಿ ಡಿಸ್ಕ್ ಓಡುತ್ತಿರುವಾಗ ಆಡಿಯೊ ಆಯ್ಕೆಯನ್ನು ಬಿಟ್‌ಸ್ಟ್ರೀಮ್‌ಗೆ (ಡಿಸ್ಕ್‌ನ ಧ್ವನಿಯನ್ನು ಇದ್ದ ರೂಪದಲ್ಲೇ ಕಳಿಸುವ ವಿಧಾನಕ್ಕೆ) ಬದಲಿಸಿ. ಅದನ್ನು ಮಾಡದಿದ್ದರೆ ಅಟ್ಮಾಸ್ ನಿಮ್ಮ ಸೌಂಡ್‌ಬಾರ್‌ವರೆಗೆ ತಲುಪುವುದಿಲ್ಲ.

ಅರೆನಿದ್ದೆ

ವಿಮರ್ಶಕರ ಧ್ವನಿಪಥವನ್ನು ಮೊದಲು ರಿಲೋಡೆಡ್‌ನಲ್ಲಿ ಹಾಕಿ ನೋಡಿ, ಆಮೇಲೆ ಇಲ್ಲಿ ಬರೆಯಿರಿ. ನನ್ನ ಪರವಾಗಿ ಎಷ್ಟು ಮಾತು ಬಂತೆಂದು ತಿಳಿಯುವ ಕುತೂಹಲವಿದೆ.